ಬಲ್ಬಣ್ಣನ ಪೆಡಲೂ ಕಳುವಾದ ಮಂದ್ರವೂ

ಬಲ್ಬಣ್ಣನಿಗೆ ಇಬ್ಬರ ಮೇಲೆ ಗುಮಾನಿ ಇತ್ತು. ಒಬ್ಬ ಹೆಂಡತಿಯ ತಮ್ಮ. ಇನ್ನೊಬ್ಬ ಯಾರೆಂದು ಅವನಿಗಿನ್ನೂ ಗೊತ್ತಾಗಿರಲಿಲ್ಲ. ಹೆಚ್ಚು ಅಪಾಯ ಈ ಎರಡನೆಯವನಿಂದಲೇ ಎಂಬುದರಲ್ಲಿ ಮಾತ್ರ ಅವನಿಗೆ ಕಿಂಚಿತ್ತೂ ಸಂಶಯವಿರಲಿಲ್ಲ.

ಹಗಲು ಅವನದು ಶ್ರವಣಯಂತ್ರ ರಿಪೇರಿ. ಅಜ್ಜ ಅಜ್ಜಿಯರ ಕಿವಿಯಿಂದ ಇಳಿದು ಬಂದ ಬೆರಳುಗುರಿನಷ್ಟು ಯಂತ್ರಗಳ ಗುಗ್ಗೆ ಕೆರೆದು, ಕೂದಲೆಳೆಯಂಥ ತಂತಿ ಬೆಸೆದು, ಸಂಜೆ ಐದೂವರೆಗೆ ಮನೆಗೆ ಬರುತ್ತಿದ್ದ. ಕಾಫಿ ಹೀರಿ ಅಡುಗೆಮನೆಯ ಪಕ್ಕದ ಕೋಣೆ ಹೊಕ್ಕು ಚಿಲಕ ಹಾಕಿದನೆಂದರೆ ಮುಗಿಯಿತು, ಮೊಣಕೈ ಹರಿದ ಸ್ವೆಟರಿನಲ್ಲೇ ಅವನು ಚಕ್ರವರ್ತಿ. ಅವನ ಸಾಮ್ರಾಜ್ಯ ಎಂಟಡಿ ಉದ್ದ, ಆರಡಿ ಅಗಲ. ಅದರ ರಾಜಧಾನಿ ಒಂದು ತಗಡಿನ ಪೆಟ್ಟಿಗೆ.

ಆ ಪೆಟ್ಟಿಗೆ ಬೇಸ್ ಗಿಟಾರಿಗೆಂದು ಮಾಡಿದ ಪೆಡಲ್. ಗಿಟಾರಿನ ವೈರು ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ಮೇಲಿನ ಗುಂಡಿಯನ್ನು ಕಾಲಿನಿಂದ ಮೆಟ್ಟಿದರೆ ಸ್ವರಕ್ಕೆ ಗೊಗ್ಗರು ಬರಬೇಕು, ಸಿಟ್ಟು ಬರಬೇಕು. ಸಿಟ್ಟು ಬರಿಸುವುದಕ್ಕೆ ಒಳಗೆ ಎರಡು ಗಾಜಿನ ವಾಲ್ವ್, ಹಳೆಯ ರೇಡಿಯೊಗಳಲ್ಲಿ ಬಲ್ಬಿನ ಹಾಗೆ ಕೆಂಪಗೆ ಉರಿಯುತ್ತಿದ್ದಂಥವು. ಅವನಿಗೆ ಬಲ್ಬಣ್ಣ ಎಂದು ಹೆಸರಿಟ್ಟವನು ಬಾಮೈದ, ಇಡಿಸಿದ್ದು ಈ ವಾಲ್ವುಗಳು. ಆದರೆ ಬೇಸ್ ಗಿಟಾರಿನ ದಪ್ಪ ಸ್ವರಕ್ಕೆ ಸಿಟ್ಟು ಬಂದರೆ ತೂಕ ಇಳಿದುಹೋಗುತ್ತದೆ. ಅದಕ್ಕೇ ಒರಟು ಸ್ವರದ ಅಡಿಗೆ ಮೂಲ ಸ್ವರವನ್ನೂ ಒಂದಿಷ್ಟು ಬೆರೆಸಬೇಕು. ಈ ಬೆರಕೆಯ ಹದ ಹಿಡಿಯಲು ಬಲ್ಬಣ್ಣನಿಗೆ ಒಂಬತ್ತು ವರ್ಷ ಹಿಡಿಯಿತು. ಅದರಲ್ಲಿ ಹದಕ್ಕೆ ಹೋದದ್ದು ನಾಲ್ಕು ವರ್ಷ. ಉಳಿದ ಐದು ಕಾವಲಿಗೆ.

ಕಾವಲೆಂದರೆ ಅಂಥಿಂಥ ಕಾವಲಲ್ಲ. ವಾಲ್ವಿನ ಮೇಲಿನ ನಂಬರನ್ನು ಉಪ್ಪುಕಾಗದದಿಂದ ಉಜ್ಜಿ ಹಾಕಿದ್ದ. ನಕಾಶೆ ಕಾಗದದ ಮೇಲೆ ಇರಲೇ ಇಲ್ಲ, ತಲೆಯಲ್ಲಿತ್ತು. ಮುಚ್ಚಳದ ನಾಲ್ಕು ಸ್ಕ್ರೂಗಳಿಗೂ ಹೆಂಡತಿಯ ಉಗುರುಬಣ್ಣದ ಮುದ್ರೆ. ಯಾರಾದರೂ ಬಿಚ್ಚಿದರೆ ಬಣ್ಣ ಬಿರುಕು ಬಿಟ್ಟು ಹೇಳಿಬಿಡುತ್ತದೆ. ತನ್ನ ಉಗುರುಬಣ್ಣ ತಾನು ಹಚ್ಚಿಕೊಳ್ಳದೆಯೇ ಖಾಲಿಯಾಗುತ್ತಿದ್ದ ಕಾಲದಲ್ಲಿ ಹೆಂಡತಿಗೂ ಗಂಡನ ಮೇಲೆ ಒಂದು ವಾರ ಬೇರೆಯೇ ಥರದ ಗುಮಾನಿ ಇತ್ತು. ಅದು ಬೇರೆ ಕಥೆ.

ಇಷ್ಟು ಕಾವಲಿನ ಫಲವಾಗಿ ಆ ಪೆಡಲನ್ನು ಯಾರೂ ಕದಿಯಲಿಲ್ಲ. ಯಾರೂ ಕೇಳಲೂ ಇಲ್ಲ.

ಹೀಗಿರುವಾಗ ಒಂದು ಭಾನುವಾರ ಬಾಮೈದ ಫೋನ್ ಮಾಡಿದ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಂಥ ಆಳು. ವೃತ್ತಿಯಿಂದ ಬೇಸ್ ಗಿಟಾರ್ ವಾದಕ. "ಭಾವಾ, ನನ್ನ ಪೆಡಲ್ ಸತ್ತೋಯ್ತು. ನಾಳೆ ಬೆಳಿಗ್ಗೆ ರೆಕಾರ್ಡಿಂಗ್ ಇದೆ. ನಿಮ್ಮದು ಕೊಡ್ತೀರೋ, ಇಲ್ಲಾ ಸಂಜೆ ಅಂಗಡಿಯಿಂದ ಒಂದು ತಗೊಂಡ್ಬಿಡ್ಲೋ?"

ಬಲ್ಬಣ್ಣ ಫೋನು ಕಿವಿಗಿಟ್ಟುಕೊಂಡೇ ಲೆಕ್ಕ ಹಾಕಿದ. ಕೊಟ್ಟರೆ ಒಂಬತ್ತು ವರ್ಷದ ಗುಟ್ಟು ಹೊಸಲು ದಾಟುತ್ತದೆ. ಕೊಡದಿದ್ದರೆ ಬಾಮೈದ ಅಂಗಡಿಯ ಮಾಲು ಕೊಳ್ಳುತ್ತಾನೆ, ಇನ್ನೆಂದೂ ಕೇಳುವುದಿಲ್ಲ. ಬೇರೆ ಬೇಸ್ ವಾದಕನೊಬ್ಬನ ಪರಿಚಯವೂ ಬಲ್ಬಣ್ಣನಿಗಿಲ್ಲ. ಆ ಮೇಲೆ ಪೆಡಲ್ ಇರುತ್ತದೆ, ತಾನಿರುತ್ತಾನೆ, ಚಿಲಕ ಇರುತ್ತದೆ.

"ಬಾ," ಎಂದ. ಫೋನಿಟ್ಟು ಹೆಂಡತಿಯನ್ನು ಕೇಳಿದ: "ಇವನ ಪೆಡಲ್ ಸಾಯೋದಕ್ಕೆ ಇವತ್ತೇ ಬೇಕಾಗಿತ್ತಾ?"

"ಸಾಯೋದು ಮುಹೂರ್ತ ನೋಡಿ ಸಾಯುತ್ತಾ? ಕೊಡಿ ಅಂದ್ರೆ ಕೊಡಿ."

ಅಂದೇ ಮಧ್ಯಾಹ್ನ ಮೂರಕ್ಕೆ ಬಾಮೈದ ಗಿಟಾರು ಹೊತ್ತು ಬಂದ. ಬಂದವನೇ, "ಯಾವ ವಾಲ್ವ್ ಭಾವಾ ಒಳಗಿರೋದು?" ಎಂದ.

"ಯಾಕೆ?"

"ಸುಮ್ನೆ."

ಸುಮ್ಮನೆ ಯಾರಾದರೂ ಏನಾದರೂ ಕೇಳುತ್ತಾರೆಯೇ? ಬಲ್ಬಣ್ಣ ಬಾಯಿಗೆ ಬೀಗ ಹಾಕಿಕೊಂಡು ಪೆಡಲಿಗೆ ಕರೆಂಟು ಕೊಟ್ಟ. ವಾಲ್ವು ಕಾಯಲು ಅರ್ಧ ನಿಮಿಷ. ಬಾಮೈದ ಅತ್ಯಂತ ದಪ್ಪ ತಂತಿಯನ್ನು ಮೀಟಿದ.

ಗುಡುಗು ಬರಬೇಕಾದಲ್ಲಿ ಸೊಳ್ಳೆ ಬಂತು.

ಇನ್ನೊಮ್ಮೆ ಮೀಟಿದ. ಅದೇ ಸೊಳ್ಳೆ, ಸ್ವಲ್ಪ ಸಿಟ್ಟಿನಲ್ಲಿ. ಮಂದ್ರ ಪೂರ್ತಿ ಮಂಗಮಾಯ.

"ಕದ್ದಿದ್ದಾರೆ!" ಎಂದ ಬಲ್ಬಣ್ಣ. ಹೋದ ತಿಂಗಳು ಇದೇ ಪೆಟ್ಟಿಗೆ ಕಿಟಕಿಯ ಗಾಜು ನಡುಗಿಸಿತ್ತು. ಯಾರೋ ಬಿಚ್ಚಿದ್ದಾರೆ, ನೋಡಿಕೊಂಡಿದ್ದಾರೆ, ಏನೋ ಬದಲಾಯಿಸಿದ್ದಾರೆ. ಭೂತಗನ್ನಡಿ ಹಿಡಿದು ಮುದ್ರೆ ಪರೀಕ್ಷಿಸಿದ. ನಾಲ್ಕೂ ಗಟ್ಟಿಯಾಗಿದ್ದವು. ಹಾಗಾದರೆ ಕಳ್ಳ ಸಾಮಾನ್ಯದವನಲ್ಲ, ಅದೇ ಬಣ್ಣದ ಶೀಶೆ ತಂದಿದ್ದಾನೆ. ಹೆಂಡತಿಯ ಕಡೆ ನೋಡಿದ.

"ನನ್ನ ಯಾಕೆ ನೋಡ್ತೀರಿ? ನಂಗೆ ಆ ಡಬ್ಬ ತೆರೆಯೋದಿಕ್ಕಿಂತ ನಿಮ್ಮನ್ನ ಆ ರೂಮಿಂದ ಹೊರಗೆ ತೆಗೆಯೋದೇ ದೊಡ್ಡ ಕೆಲಸ."

ಬಾಮೈದ ಮಾತ್ರ ಗುಂಡಿಗಳನ್ನು ತಿರುಗಿಸುತ್ತಲೇ ಇದ್ದ. "ಒಂದು ಮಜಾ ನೋಡಿ ಭಾವಾ. ಬರೀ ಒರಟು ಇಟ್ರೆ ಒಂದಿಷ್ಟಾದ್ರೂ ದಪ್ಪ ಇದೆ. ಬರೀ ಮೂಲ ಇಟ್ರೂ ದಪ್ಪ ಇದೆ. ಎರಡೂ ಸೇರಿಸಿದ್ರೆ ಮಾಯ. ಥೇಟ್ ನೀವೂ ಅಕ್ಕನೂ! ಬೇರೆ ಬೇರೆ ಕೂತ್ರೆ ಇಬ್ರೂ ಚೆನ್ನಾಗೇ ಮಾತಾಡ್ತೀರಿ, ಒಂದೇ ಕಡೆ ಕೂತ್ರೆ ಮನೆ ತಣ್ಣಗೆ."

"ಇವರು ಎಳೀತಾರೆ, ನಾನು ತಳ್ತೀನಿ," ಎಂದಳು ಅಕ್ಕ. "ಗಾಡಿ ಎಲ್ಲಿ ಅಲ್ಲಾಡುತ್ತೆ?"

ಬಲ್ಬಣ್ಣ ಭೂತಗನ್ನಡಿ ಕೆಳಗಿಟ್ಟ. ಕಳ್ಳ ಸಿಕ್ಕಿದ್ದ.

ವಾಲ್ವಿನ ಒಂದೊಂದು ಹಂತ ದಾಟಿದಾಗಲೂ ಸ್ವರದ ಅಲೆ ತಲೆಕೆಳಗಾಗುತ್ತದೆ. ಎರಡು ಹಂತ ದಾಟಿದರೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಬಲ್ಬಣ್ಣನ ಒರಟು ಸ್ವರ ದಾಟುತ್ತಿದ್ದುದು ಎರಡೇ ಹಂತ. ಆದರೆ ಹತ್ತು ದಿನದ ಹಿಂದೆ, ನಕಲು ಮಾಡುವವರ ದಾರಿ ತಪ್ಪಿಸಲೆಂದು, ಅವನೇ ನಡುವೆ ಮೂರನೆಯದೊಂದನ್ನು ಬೆಸೆದಿದ್ದ. ಸ್ವರವನ್ನು ಹಿಗ್ಗಿಸದ, ಕುಗ್ಗಿಸದ, ಬರೀ ವೇಷದ ಹಂತ. ಬೆಸೆದು, ತನ್ನ ಜಾಣತನಕ್ಕೆ ತಾನೇ ತಲೆದೂಗಿ, ನುಡಿಸಿಯೂ ನೋಡದೆ ಮುದ್ರೆ ಒತ್ತಿದ್ದ. ಅದು ಅಲೆಯನ್ನು ತಿರುಗಿಸಿ ನಿಲ್ಲಿಸಿತ್ತು. ಮೂಲ ಸ್ವರ ತಳ್ಳುವಾಗ ಒರಟು ಸ್ವರ ಎಳೆಯುತ್ತಿತ್ತು. ಇಬ್ಬರ ಜಗ್ಗಾಟದಲ್ಲಿ ಮಂದ್ರ ಸತ್ತು, ಮೇಲಿನ ಕೀರಲು ಉಳಿದಿತ್ತು.

"ಒಳಗೊಂದು ಹಂತ ಹೆಚ್ಚಾಗಿದೆ. ತೆಗೆದ್ರೆ ಸರಿಹೋಗುತ್ತೆ," ಎಂದ. ಯಾರು ಹಾಕಿದ್ದು ಎಂಬುದನ್ನು ಹೇಳಲಿಲ್ಲ. "ನೀನು ಆ ಕಡೆ ತಿರುಗು."

"ಯಾವ ಕಡೆ?"

"ಗೋಡೆ ಕಡೆ."

ಆರಡಿ ಎತ್ತರದ ವಾದಕ ಗೋಡೆಗೆ ಮುಖ ಮಾಡಿ ನಿಂತು ಕ್ಯಾಲೆಂಡರ್ ಓದತೊಡಗಿದ. ಬಲ್ಬಣ್ಣ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಒಳಗೆ ಉಳಿದಿದ್ದ ಕರೆಂಟನ್ನು ಇಳಿಸಿದ. ಇಳಿಸುವಾಗ ಎಡಗೈ ಜೇಬಿನಲ್ಲಿ. ಎರಡೂ ಕೈ ಒಳಗಿಟ್ಟರೆ ಶಾಕು ಎದೆಯ ಮೂಲಕ ಹಾದುಹೋಗುತ್ತದೆ ಎಂದು ವಾಲ್ವಿನವರೆಲ್ಲ ಕಲಿತ ಪಾಠ ಅದು. ಆಮೇಲೆ ಬೆಸುಗೆ ಬಿಡಿಸಬೇಕು. ಒಂದು ಕೈಗೆ ಕಾವಿನ ಕಡ್ಡಿ, ಒಂದು ಕೈಗೆ ಇಕ್ಕಳ, ಹಲಗೆ ಹಿಡಿಯಲು ಮೂರನೆಯ ಕೈ. ಹೆಂಡತಿ ಅಷ್ಟರಲ್ಲಿ ಅಡುಗೆಮನೆಗೆ ಹೋಗಿದ್ದಳು. ಕರೆದ.

"ನನ್ನ ಕೈ ಒದ್ದೆ," ಎಂದಳು ಅಲ್ಲಿಂದಲೇ. ಬೇಕೆಂದೇ ಒದ್ದೆ ಮಾಡಿಕೊಂಡಳೆಂದು ಬಲ್ಬಣ್ಣ ಇವತ್ತಿಗೂ ನಂಬಿದ್ದಾನೆ.

ಗಡಿಯಾರ ನೋಡಿದ. ಅಂಗಡಿ ಮುಚ್ಚಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

"ತಿರುಗೋ ಈ ಕಡೆ. ಇದನ್ನ ಹಿಡ್ಕೋ. ಅಲ್ಲಾಡಿಸಬೇಡ."

ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಪರಕೀಯ ಕಣ್ಣೆರಡು ಆ ಪೆಟ್ಟಿಗೆಯೊಳಗೆ ಇಳಿದವು. ಬಲ್ಬಣ್ಣ ಆ ಕಣ್ಣುಗಳನ್ನೇ ಕಾಯುತ್ತ ನಿಂತ.

"ಅಯ್ಯೋ ಭಾವಾ," ಎಂದ ಬಾಮೈದ, "ಇದೇನು, ಯಾರದೋ ಕರುಳಿನ ಹಾಗಿದೆ!" ಆಕಳಿಸಿ, ಮತ್ತೆ ಕ್ಯಾಲೆಂಡರಿನ ಕಡೆ ನೋಡಿದ.

ಬಲ್ಬಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ಕದಿಯುವುದಿರಲಿ, ಇವನು ಸರಿಯಾಗಿ ನೋಡುತ್ತಲೂ ಇಲ್ಲ! ತಡೆಯಲಾರದೆ, "ಆ ಎಡಗಡೆ ಇರೋದು ನೋಡು, ಅದೇ ಮುಖ್ಯ," ಎಂದು ತಾನೇ ತೋರಿಸಿದ.

"ಹೂಂ, ಹೂಂ. ಬೇಗ ಮುಗಿಸಿ, ಕೈ ಸುಡ್ತಾ ಇದೆ."

ಹತ್ತು ನಿಮಿಷಕ್ಕೆ ವೇಷದ ಹಂತ ಕಸದ ಡಬ್ಬ ಸೇರಿತು. ಪೆಡಲ್ ಮತ್ತೆ ಕಾಯಿತು. ಬಾಮೈದ ಮೀಟಿದ. ಕಿಟಕಿಯ ಗಾಜು ಗುಂಯ್ ಎಂದಿತು, ಪಾತ್ರೆಗಳು ಒಂದಕ್ಕೊಂದು ತಾಗಿದವು, ಬಲ್ಬಣ್ಣನ ಹಲ್ಲಿನೊಳಗೆ ಏನೋ ನಡುಗಿತು. ಬಾಮೈದ ಕಣ್ಣು ಮುಚ್ಚಿಕೊಂಡು ಅದೇ ಒಂದು ಸ್ವರವನ್ನು ಕಾಲು ಗಂಟೆ ನುಡಿಸಿದ. ಆಮೇಲೆ ಒಂದು ಮಾತೂ ಕೇಳದೆ ಪೆಡಲನ್ನು ಬಗಲಿಗೇರಿಸಿ ಮೆಟ್ಟಿಲಿಳಿದ.

ಬಲ್ಬಣ್ಣನಿಗೆ ಆಗ ನೋಡಿ ಜ್ಞಾಪಕ ಬಂತು, ಅವಸರದಲ್ಲಿ ಮುಚ್ಚಳಕ್ಕೆ ಒಂದೇ ಸ್ಕ್ರೂ ಹಾಕಿದ್ದು. ಬರಿಗಾಲಲ್ಲೇ ಓಡಿದ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಪೆಡಲ್ ಕೂತಿತ್ತು. ಉಳಿದ ಮೂರು ಸ್ಕ್ರೂಗಳನ್ನೂ ಸ್ಕ್ರೂಡ್ರೈವರನ್ನೂ ಬಾಮೈದನ ಅಂಗೈಗೆ ಹಾಕಿದ.

"ಈಗ ಬಿಗೀಬೇಡ, ಒಳಗಿನ್ನೂ ಬಿಸಿ ಇದೆ. ಆರಿದ ಮೇಲೆ ನೀನೇ ಹಾಕ್ಕೋ. ಒಳಗೆ ನೋಡಿದ್ದನ್ನೆಲ್ಲ ಮರೆತುಬಿಡು."

"ಆಗ್ಲೇ ಮರೆತೆ ಭಾವಾ," ಎಂದು ಬಾಮೈದ ಹೊರಟೇಹೋದ.

ಆಗಲೇ ಮರೆತನಂತೆ! ಬಲ್ಬಣ್ಣ ಹಲ್ಲು ಕಡಿಯುತ್ತ ಮೆಟ್ಟಿಲು ಹತ್ತಿದ.

"ಕೊಟ್ರಾ?" ಎಂದಳು ಹೆಂಡತಿ.

"ಕೊಟ್ಟೆ. ನಿನ್ನ ತಮ್ಮ ಒಳಗೆ ನೋಡಿದ ಮೇಲೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ ನೋಡು. ಅದರ ಹಿಂದೆ ಏನೋ ಇದೆ." ಹಾಗೆಂದು ಹೇಳಿ, ನಾಳೆ ರೆಕಾರ್ಡಿಂಗ್ ಎಷ್ಟು ಗಂಟೆಗಂತೆ ಎಂದು ವಿಚಾರಿಸಿದ.