ಪೂಜೆಗಿಟ್ಟ ಕಥೆಪುಸ್ತಕ

ಆ ಪುಸ್ತಕವನ್ನು ಯಾರೇ ಕೈಗೆತ್ತಿಕೊಳ್ಳಲಿ, ಮೊದಲು ಸವರಿ ನೋಡುತ್ತಿದ್ದರು. ನನಗೆ ಅಲ್ಲಿಂದಲೇ ಮೈ ಉರಿಯಲು ಶುರುವಾಗುತ್ತಿತ್ತು. ಸವರಿ ನೋಡುವುದಕ್ಕೆ ಅದೇನು ಅಂಗಡಿಯಲ್ಲಿ ಹರವಿದ ಸೀರೆಯೇ?

ಅದನ್ನು ಮಾಡಿದವಳು ನನ್ನ ಗೆಳತಿ. ಮೇಲೂರಿನವಳು, ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಅವಳ ಕಥೆಗಳನ್ನು ಯಾವ ಪ್ರಕಾಶಕರೂ ಮುಟ್ಟದೇ ಹೋದಾಗ, ತಾನೇ ಒಂದು ಪ್ರಕಾಶನ ಶುರು ಮಾಡಿದಳು. ಹಾಳೆಗಳನ್ನು ಶಿಡ್ಲಘಟ್ಟದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಮನೆಯ ಊಟದ ಮೇಜಿನ ಮೇಲೆ ಮಡಿಸಿ, ರೇಷ್ಮೆ ನೂಲಿನಲ್ಲಿ ಹೊಲಿದು, ರಟ್ಟಿನ ಮೇಲೆ ಹಳೇ ಸೀರೆಗಳ ಅಂಚು ಅಂಟಿಸಿದಳು. ಒಂದು ಪ್ರತಿಯಂತೆ ಇನ್ನೊಂದಿಲ್ಲ. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವಳ ಜೀವವಿದ್ದದ್ದು ಒಳಗಿನ ಕಥೆಗಳಲ್ಲಿ. ಒಂದರಲ್ಲಿ ಹಿತ್ತಲಿನ ಬಾವಿಗೆ ಆಕಳಿಕೆ ಹತ್ತಿಕೊಂಡು, ಅದನ್ನು ಮಲಗಿಸಲು ಮನೆಮಂದಿಯೆಲ್ಲ ಸುತ್ತ ನಿಂತು ಲಾಲಿ ಹಾಡುತ್ತಾರೆ. ಇನ್ನೊಂದರಲ್ಲಿ ನಂದಿಯಲ್ಲಿ ನಿಂತ ರೈಲು ದ್ರಾಕ್ಷಿ ತೋಟ ನೋಡಿ ಮನಸ್ಸು ಬದಲಾಯಿಸಿ, ಪ್ರಯಾಣಿಕರನ್ನೆಲ್ಲ ಇಳಿಸಿ ಅಲ್ಲೇ ಉಳಿದುಬಿಡುತ್ತದೆ. ಬಸ್ಸಿನಲ್ಲಿ ಓದುತ್ತ ನಾನೊಬ್ಬಳೇ ನಗುತ್ತಿದ್ದುದನ್ನು ಕಂಡು ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋಗಿದ್ದರು.

ನಮ್ಮ ಜನ ಮಾಡಿದ್ದೇನು? ಬಿಡುಗಡೆಯ ದಿನ ಮುಖ್ಯ ಅತಿಥಿಗಳು ಗ್ರಾಮೀಣ ಮಹಿಳೆಯರ ಕರಕುಶಲ ಕಲೆಯ ಬಗ್ಗೆ ಕೊರೆದು, ಹೊಲಿಗೆಯನ್ನು ಸಭೆಗೆ ಎತ್ತಿ ತೋರಿಸಿ, ಕಥೆಗಳ ಬಗ್ಗೆ ತುಟಿ ಪಿಟಕ್ಕೆನ್ನದೆ ಹೋಗಿ ಕೂತರು. ಅವಳ ಶಾಲೆಯ ಹಿರಿಯ ಟೀಚರೊಬ್ಬರು ತೆಲುಗಿನಲ್ಲೇ ಹೊಗಳಿ, "ಚಾಲಾ ಬಾಗುಂದಮ್ಮ, ನಮ್ಮ ಹುಡುಗಿ ಮದುವೆ ಕಾರ್ಡೂ ಹಿಂಗೇ ಮಾಡ್ಕೊಡ್ತೀಯಾ?" ಎಂದರು. ಗೌರಿಬಿದನೂರಿನ ನೆಂಟರಿಗೆ ನಾನೇ ಒಂದು ಪ್ರತಿ ಕೊಟ್ಟಿದ್ದೆ. ಬ್ಲೌಸ್ ಪೀಸು ಮನೆಯಿಂದ ಮನೆಗೆ ತಿರುಗುವ ಹಾಗೆ ಅದೂ ಗೃಹಪ್ರವೇಶ, ಸೀಮಂತ ಎಲ್ಲ ತಿರುಗಿ, ಯಾರದೋ ಸತ್ಯನಾರಾಯಣ ಪೂಜೆಯಲ್ಲಿ ತಾಂಬೂಲದ ಜೊತೆ ನನ್ನ ಮಡಿಲಿಗೇ ಬಂದು ಬಿತ್ತು. ಮೊದಲ ಪುಟದಲ್ಲಿ ನಾನು ಬರೆದುಕೊಟ್ಟ ಒಕ್ಕಣೆ ಹಾಗೇ ಇತ್ತು. ಅಷ್ಟು ಕೈ ದಾಟಿ ಬಂದರೂ ಆ ಒಂದು ಪುಟ ತೆರೆದವರಿಲ್ಲ.

ಇದನ್ನು ಹೇಳಿದಾಗ ಗೆಳತಿ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ಇನ್ನು ಬರೆಯಲ್ಲ ಕಣೇ. ಹೊಲಿಗೆನೇ ಬೇಕು ಅಂದ್ರೆ ಬ್ಲೌಸ್ ಹೊಲ್ಕೊಡ್ತೀನಿ. ಒಂದ್ಸಲ ತೊಟ್ಕೊಂಡಾದ್ರೂ ನೋಡ್ತಾರೆ."

ಎರಡನೇ ಪುಸ್ತಕದ ಕಥೆಗಳನ್ನು ಅವಳು ಅರ್ಧ ಬರೆದಾಗಿತ್ತು. ಅವಳು ಹಟ ಹಿಡಿದರೆ ಬಿಡುವವಳಲ್ಲ ಅನ್ನುವುದೂ ನನಗೆ ಗೊತ್ತಿತ್ತು.

ಆ ನವರಾತ್ರಿಯಲ್ಲಿ ಅವಳನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಅಣ್ಣನ ಮನೆಗೆ ಬೊಂಬೆ ನೋಡಲು ಹೋದೆ. ಕಣ್ಣು ಮಂಜಾಗಿ ಓದುವುದನ್ನು ಬಿಟ್ಟಿದ್ದ ನಮ್ಮಮ್ಮ ಬೊಂಬೆಗಳ ಪಕ್ಕದ ಕುರ್ಚಿಯಲ್ಲಿದ್ದರು. ಸರಸ್ವತಿಯ ಮುಂದೆ ಪೂಜೆಗಿಟ್ಟ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಮೇಲೆ ಗೆಳತಿಯ ಪುಸ್ತಕ, ಅದರ ಮೇಲೆ ಅರಿಸಿನ ಕುಂಕುಮ, ಸೇವಂತಿಗೆ.

"ನೋಡಿ, ನಿಮ್ಮ ಪುಸ್ತಕಕ್ಕೇ ಮೊದಲ ಪೂಜೆ," ಎಂದು ಅತ್ತಿಗೆ ಅವಳಿಗೆ ಹೆಮ್ಮೆಯಿಂದ ತೋರಿಸಿದರು.

"ಓದಿದ್ರಾ ಅತ್ತಿಗೆ?" ಎಂದೆ.

"ಅಷ್ಟು ಚೆನ್ನಾಗಿರೋದನ್ನ ಓದಿ ಕೊಳೆ ಮಾಡೋಕಾಗುತ್ತಾ?"

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ದಿನ ಎತ್ತುವವರೆಗೆ ಯಾರೂ ಓದಬಾರದು. ಚಿಕ್ಕಂದಿನಲ್ಲಿ ನನಗೆ ಅದಕ್ಕಿಂತ ಪ್ರಿಯವಾದ ಶಾಸ್ತ್ರ ಇರಲಿಲ್ಲ. ಅವತ್ತು ಹೂವನ್ನು ಪಕ್ಕಕ್ಕೆ ಸರಿಸಿ ಪುಸ್ತಕ ಎತ್ತಿಕೊಂಡೆ.

"ಇವತ್ತು ಎತ್ತಬಾರ್ದು ಕಣೇ, ಇಟ್ಬಿಡು," ಎಂದು ಅತ್ತಿಗೆ ಗಾಬರಿಯಿಂದ ಮುಂದೆ ಬಂದರು.

"ಓದಿದ್ರೆ ಸರಸ್ವತಿಗೆ ಬೇಜಾರಾಗಲ್ಲ ಅತ್ತಿಗೆ. ಓದದೆ ಇಟ್ಕೊಂಡಿದ್ದೀರಲ್ಲ, ಅದಕ್ಕೆ ಆಗಿರುತ್ತೆ."

ನೆಲದ ಮೇಲೇ ಕೂತು, ತೆರೆದುಕೊಂಡ ಪುಟದಿಂದ ಗಟ್ಟಿಯಾಗಿ ಓದತೊಡಗಿದೆ. ಗೆಳತಿ ಸಂಕೋಚದಿಂದ ನನ್ನ ಸೆರಗು ಎಳೆಯುತ್ತಲೇ ಇದ್ದಳು. ಅದು ಒಬ್ಬ ಅತ್ತೆಯ ಕಥೆ. ಸತ್ತ ಮೇಲೂ ಅವಳ ದನಿ ಉಪ್ಪಿನಕಾಯಿ ಜಾಡಿಯಲ್ಲಿ ಉಳಿದಿದೆ. ಮುಚ್ಚಳ ತೆಗೆದರೆ ಸಾಕು, ಒದ್ದೆ ಚಮಚ ಹಾಕಬೇಡ ಎಂದು ಗದರುತ್ತದೆ. ಸೊಸೆ ಬೇಸತ್ತು ಉಪ್ಪಿನಕಾಯಿ ತಿನ್ನುವುದನ್ನೇ ಬಿಡುತ್ತಾಳೆ. ಆಮೇಲೆ ಮನೆ ತೀರಾ ಬಿಕೋ ಅನ್ನಿಸಿ, ಬೇಕಂತಲೇ ಚಮಚ ಒದ್ದೆ ಮಾಡಿಕೊಂಡು ಜಾಡಿಯ ಹತ್ತಿರ ಬರುತ್ತಾಳೆ.

ಅಲ್ಲಿಗೆ ಬರುವಷ್ಟರಲ್ಲಿ ಅಮ್ಮ ಕೋಲು ಕುಟ್ಟಿದರು.

"ಯಾರು ಇದನ್ನ ಬರೆದಿದ್ದು?"

"ನಾನೇ ಅಮ್ಮ," ಎಂದಳು ಗೆಳತಿ.

"ಒದ್ದೆ ಚಮಚ ಹಾಕಿದ್ರೆ ಬೂಷ್ಟು ಬರಲ್ವ? ಅವಳು ಹೇಳಿದ್ರಲ್ಲಿ ತಪ್ಪೇನಿದೆ? ಸತ್ತೋಳನ್ನ ಹಿಡ್ಕೊಂಬಂದು ಬರೀ ಬಯ್ಯೋಕೆ ಇಟ್ಟಿದ್ದೀಯಲ್ಲಮ್ಮ. ಒಂದು ಒಳ್ಳೆ ಮಾತಾಡಕ್ಕೆ ಅವಳಿಗೆ ಬಾಯಿಲ್ವ?"

ಅತ್ತಿಗೆ ಕ್ಷಮೆ ಕೇಳುವವರಂತೆ ಗೆಳತಿಯ ಮುಖ ನೋಡಿದರು. ಗೆಳತಿಯ ಕಣ್ಣು ತುಂಬಿತ್ತು, ಆದರೆ ಮುಖ ಅರಳಿತ್ತು. ಅಷ್ಟು ದಿನ ಎಲ್ಲರೂ ಹೊಲಿಗೆಯನ್ನು ಹೊಗಳಿದ್ದರು. ಕಥೆಯ ಜೊತೆ ಜಗಳಕ್ಕೆ ನಿಂತವರು ಅಮ್ಮ ಒಬ್ಬರೇ.

ಅವಳು ಅಮ್ಮನ ಕಾಲ ಬಳಿ ಹೋಗಿ ಕೂತಳು.

"ಹಾಗಾದ್ರೆ ಆ ಅತ್ತೆ ಏನು ಹೇಳ್ಬೇಕಿತ್ತಮ್ಮ?"

ಅಮ್ಮ ಇನ್ನೂ ಸಿಟ್ಟಿನಲ್ಲೇ ಹೇಳತೊಡಗಿದರು. ಗೆಳತಿ ಬ್ಯಾಗಿನಲ್ಲಿ ಪೆನ್ನಿಗಾಗಿ ತಡಕಾಡಿದಳು.