ಎರಡು ಚರ್ಚಿನ ಊರಿಗೆ ಒಂದೇ ಹೆಂಚು

ಕತ್ತಲು ಇನ್ನೂ ಪೂರ್ತಿ ಸರಿದಿಲ್ಲ. ಹಲ್ವೋರನ ಹಿತ್ತಿಲಿನ ಒಲೆಮನೆಯಿಂದ ಆಗಲೇ ಹೊಗೆ ಎದ್ದಿದೆ. ಒಳಗೆ ಯೊರುನ್ ಅಂಗಿಯ ತೋಳು ಮಡಚಿ, ದುಂಡು ಹಲಗೆಯ ಮುಂದೆ ನಿಂತಿದ್ದಾರೆ. ಬಾರ್ಲಿ ಹಿಟ್ಟಿಗೆ ಬೆಂದ ಆಲೂಗಡ್ಡೆ ಹಿಸುಕಿ ನಾದಿದ ಉಂಡೆ ಅವರ ಲಟ್ಟಣಿಗೆಯ ಕೆಳಗೆ ಮೊದಲು ತಟ್ಟೆಯಷ್ಟಾಗುತ್ತದೆ, ಆಮೇಲೆ ಮೊರದಷ್ಟು, ಕೊನೆಗೆ ಹಲಗೆಯ ಅಂಚು ಮೀರಿ ಇಳಿಬೀಳುತ್ತದೆ. ಅದರಡಿ ಕೈ ಇಟ್ಟರೆ ಬೆರಳು ಕಾಣುತ್ತದೆ. ಬಾತುಕೋಳಿಯ ರೆಕ್ಕೆಯಿಂದ ಒಣಹಿಟ್ಟು ಗುಡಿಸಿ, ತೆಳ್ಳನೆಯ ಉದ್ದ ಕೋಲಿಗೆ ರೊಟ್ಟಿಯನ್ನು ಸುತ್ತಿ, ಹೆಂಚಿನ ಮೇಲೆ ಬಿಡಿಸಿ ಹಾಸುತ್ತಾರೆ. ಹಾಸಿದವರೇ ಹಲಗೆಗೆ ಓಡಿಬಂದು ಮುಂದಿನ ಉಂಡೆಗೆ ಕೈಹಾಕುತ್ತಾರೆ. ಅದನ್ನು ಅರ್ಧ ಲಟ್ಟಿಸುವಷ್ಟರಲ್ಲಿ ಬೆನ್ನ ಹಿಂದೆ ಸೀದ ವಾಸನೆ.

"ಹೋಯ್ತು, ಇದೂ ಹೋಯ್ತು. ಹಂದಿಗೆ ಹಾಕು ತೋನೆ, ಅದು ಮುಖ ಸಿಂಡರಿಸಲ್ಲ."

"ಈ ವಾರ ಹಂದಿ ನಮಗಿಂತ ಚೆನ್ನಾಗಿ ಉಂಡಿದೆ, ದೊಡ್ಡಮ್ಮ," ಎನ್ನುತ್ತಾಳೆ ತೋನೆ. ಹಲ್ವೋರನ ಹೆಂಡತಿ, ಈ ಮನೆಯ ಎಳೆಯ ಯಜಮಾನಿ. ಕೋಲು ಹಿಡಿದು ರೊಟ್ಟಿ ಮಗುಚಲು ಅವಳೂ ನೋಡಿದ್ದಾಳೆ. ಒಂದರ ಹಿಂದೆ ಒಂದು ಹರಿದು ಬೆಂಕಿಗೆ ಬಿದ್ದ ಮೇಲೆ ಯೊರುನ್ ಅವಳನ್ನು ಆಲೂಗಡ್ಡೆ ಸುಲಿಯಲು ಕೂರಿಸಿದ್ದಾರೆ.

ಯೊರುನ್ ಊರಿನ ರೊಟ್ಟಿಯವರು. ಮಿನೆಸೋಟಾದ ಈ ಬಯಲಿನಲ್ಲಿ ನೆಲೆ ನಿಂತ ನಾರ್ವೆಯವರಲ್ಲಿ ಅವರ ಕೈರೊಟ್ಟಿ ಮುರಿಯದ ಮನೆ ಇಲ್ಲ. ಹುಲ್ಲು ಕೊಯ್ಯುವ ಕಾಲಕ್ಕೆ ಮುಂಚೆ ಒಂದು ಸಲ, ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಸಲ, ಕರೆದ ಮನೆಗೆ ತಮ್ಮ ಕಬ್ಬಿಣದ ಹೆಂಚನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಎರಡು ಮೂರು ದಿನ ಅಲ್ಲೇ ಉಳಿದು, ಆ ಮನೆಗೆ ಅರ್ಧ ವರ್ಷಕ್ಕೆ ಸಾಕಾಗುವ ಗರಿಗರಿ ರೊಟ್ಟಿ ಬೇಯಿಸಿ ಎದೆಯೆತ್ತರ ಅಟ್ಟಿ ಕಟ್ಟಿಟ್ಟು, ಮುಂದಿನ ಮನೆಗೆ ನಡೆಯುತ್ತಾರೆ. ಕೂಲಿಗೆ ಉಣ್ಣೆಯೋ ಬೆಣ್ಣೆಯೋ ಕುರಿಯ ತೊಡೆಯೋ, ಕೊಟ್ಟದ್ದು. ಮದುವೆಯಲ್ಲಿ ಪಿಟೀಲಿನವನನ್ನು ಎಲ್ಲರೂ ಹೊಗಳುತ್ತಾರೆ, ಪಾದ್ರಿಗಳ ಮಾತನ್ನು ಹೊಗಳುತ್ತಾರೆ. ರೊಟ್ಟಿಯನ್ನು ಮಾತಿಲ್ಲದೆ ತಿಂದು ಮುಗಿಸುತ್ತಾರೆ.

ಇಬ್ಬರಿದ್ದಾಗ ದಿನಕ್ಕೆ ಇನ್ನೂರರ ಹತ್ತಿರ ಬೇಯುತ್ತಿತ್ತು. ಈಗ ಒಬ್ಬರೇ, ನೂರು ದಾಟಿದರೆ ಪುಣ್ಯ. ಅದರಲ್ಲೂ ಹಂದಿಯ ಪಾಲು ಕಳೆಯಬೇಕು.

ಆ ಇನ್ನೊಬ್ಬರು ಮಾರ್ಗಿತ್, ಎಂಡ್ರೆಯವರ ಹೆಂಡತಿ. ಇಪ್ಪತ್ತು ವರ್ಷದ ಹಿಂದೆ ಇಬ್ಬರೂ ಒಂದೇ ಹಾಯಿಹಡಗಿನಲ್ಲಿ ಬಂದವರು. ಆಗ ಹಡಗಿನ ಪ್ರಯಾಣಕ್ಕೆ ಅವರವರ ಬುತ್ತಿ ಅವರವರೇ ತರಬೇಕಿತ್ತು. ದಾರಿಯಲ್ಲಿ ಮಾರ್ಗಿತರ ಪೆಟ್ಟಿಗೆಗೆ ಸಮುದ್ರದ ನೀರು ನುಗ್ಗಿ ಬುತ್ತಿಯೆಲ್ಲ ಕೊಳೆಯಿತು. ಉಳಿದ ವಾರಗಳನ್ನು ಎರಡೂ ಸಂಸಾರ ಯೊರುನರ ಪೆಟ್ಟಿಗೆಯಿಂದಲೇ ಉಂಡು ಕಳೆದವು. "ಕ್ವಿಬೆಕ್ ಬಂದಾಗ ತಳದಲ್ಲಿ ಉಳಿದದ್ದು ಪುಡಿ," ಎಂದು ಯೊರುನ್ ತಮ್ಮ ಕಥೆ ಕೇಳಲು ಬಂದಿರುವ ಪತ್ರಿಕೆಯವರಿಗೆ ಹೇಳುತ್ತಾರೆ. "ಅದನ್ನೂ ಹುಳಿಹಾಲಿಗೆ ಉದುರಿಸಿಕೊಂಡು ಕುಡಿದ್ವಿ. ಮಾರ್ಗಿತ್ ಪೆಟ್ಟಿಗೆಯೊಳಗೆ ತಲೆ ಹಾಕಿ ನೆಕ್ಕಿದಳು ಅಂತ ನಾನು ಈಗಲೂ ಆಡಿಕೊಳ್ತೀನಿ. ಸುಳ್ಳು, ನೆಕ್ಕಿದ್ದು ನಾನು."

ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನಾರ್ವೆಯವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಇಬ್ಬರೂ ಸೇರಿ ಮಾಡಿದರು. ನಾರ್ವೆಯ ಊರಿನಲ್ಲಿ ಅಜ್ಜಿಯರು ಮಾಡುತ್ತಿದ್ದಂತೆ ಇಡೀ ಚಳಿಗಾಲದ ರೊಟ್ಟಿಯನ್ನು ಒಂದೇ ಸಲಕ್ಕೆ ಬೇಯಿಸಿ ಅಟ್ಟಿ ಕಟ್ಟಿಟ್ಟರು. ಆದರೆ ಅಲ್ಲಿ ರೊಟ್ಟಿ ಇರುತ್ತಿದ್ದದ್ದು ಕಂಬಗಳ ಮೇಲೆ ನಿಂತ ಕಣಜದಲ್ಲಿ, ಬೆಟ್ಟದ ಒಣಗಾಳಿಯಲ್ಲಿ. ಇಲ್ಲಿ ಇದ್ದದ್ದು ದಿಬ್ಬದ ಮಗ್ಗುಲನ್ನು ಅಗೆದು ಮಾಡಿಕೊಂಡ ಮಣ್ಣಿನ ಗೂಡು. ತಿಂಗಳು ತುಂಬುವಷ್ಟರಲ್ಲಿ ರೊಟ್ಟಿ ಒದ್ದೆ ಚರ್ಮದಂತಾಗಿ, ಹಸಿರು ಬೂಷ್ಟು ಹಿಡಿದು, ಕೆರೆದು ತಿನ್ನುವುದಕ್ಕೂ ಬಾರದೆ ಹೋಯಿತು. ಆ ಚಳಿಗಾಲ ಎರಡೂ ಮನೆಯವರು ಬದುಕಿದ್ದು ಗೋಧಿ ನುಚ್ಚಿನ ಗಂಜಿಯ ಮೇಲೆ.

ಹಿಮ ಕರಗಿದ್ದೇ ತಡ, ಯೊರುನರ ಗಂಡ ಕ್ನೂತ್ ಮತ್ತು ಎಂಡ್ರೆ ಹೊಳೆದಂಡೆಯಿಂದ ಮರ ಎಳೆತಂದು ನಾಲ್ಕು ಕಂಬ ನೆಟ್ಟು ಕಣಜ ಕಟ್ಟಿದರು. ತಾವು ಮಾತ್ರ ಇನ್ನೂ ಎರಡು ವರ್ಷ ಮಣ್ಣಿನ ಗೂಡಿನಲ್ಲೇ ಇದ್ದರು. ದಾರಿಯಲ್ಲಿ ಹೋಗುತ್ತಿದ್ದ ಅಮೆರಿಕದವನೊಬ್ಬ ಕುದುರೆ ನಿಲ್ಲಿಸಿ, ಮೇಲಿನ ಆ ಚಂದದ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದನಂತೆ.

"ರೊಟ್ಟಿ ಇದೆ ಅಂದೆ," ಎಂದು ಯೊರುನ್ ನಗುತ್ತಾರೆ. "ನನಗೆ ಬರ್ತಿದ್ದ ಇಂಗ್ಲಿಷೇ ಅಷ್ಟು. ಅವನು ಟೋಪಿ ಎತ್ತಿ ಕಣಜಕ್ಕೆ ನಮಸ್ಕಾರ ಮಾಡಿ ಹೋದ."

ಆ ಕಣಜವನ್ನು ಊರು ನಗದೆ ನೆನೆಯುವ ಕಾಲವೂ ಬಂತು. ಮಿಡತೆಯ ವರ್ಷಗಳು. ಒಂದು ಮಧ್ಯಾಹ್ನ ಆಕಾಶದಿಂದ ಇಳಿದ ಮಿಡತೆ, ಗೋಧಿಯ ಜೊತೆಗೆ ಗುದ್ದಲಿಯ ಹಿಡಿಯನ್ನೂ ಒಣಹಾಕಿದ್ದ ಬಟ್ಟೆಯನ್ನೂ ತಿಂದು ಹೋಯಿತು. ಕಂಬದ ಮೇಲಿನ ರೊಟ್ಟಿ ಮಾತ್ರ ಮುಚ್ಚಿದ ಬಾಗಿಲ ಹಿಂದೆ ಉಳಿಯಿತು. ಯೊರುನ್ ಮತ್ತು ಮಾರ್ಗಿತ್ ಅದನ್ನು ಎತ್ತಿನ ಗಾಡಿಗೆ ಹೇರಿ ಮನೆಮನೆಗೆ ಹಂಚಿದರು. ಆ ವರ್ಷವೇ ಕ್ನೂತ್ ಜ್ವರದಲ್ಲಿ ತೀರಿಕೊಂಡರು. ಮಣ್ಣು ಮಾಡಿದ ಮೂರನೆಯ ದಿನ ಯೊರುನ್ ಮತ್ತೆ ಹಲಗೆಯ ಮುಂದೆ ನಿಂತಿದ್ದರು, ಮಾರ್ಗಿತ್ ಹೆಂಚಿನ ಮುಂದೆ. ಅವತ್ತು ಆ ಗಾಡಿ ಬರದಿದ್ದರೆ ಇವತ್ತು ಈ ಊರಿನಲ್ಲಿ ಜಗಳವಾಡಲು ಅರ್ಧದಷ್ಟು ಜನವೂ ಇರುತ್ತಿರಲಿಲ್ಲ.

ಜಗಳ ಶುರುವಾಗಿ ಎರಡು ವರ್ಷವಾಯಿತು. ದೇವರು ಮನುಷ್ಯನನ್ನು ಆರಿಸಿಕೊಳ್ಳುವುದು ತನ್ನ ಇಷ್ಟದಿಂದಲೋ, ಅವನ ನಂಬಿಕೆಯನ್ನು ನೋಡಿಯೋ ಎಂಬ ಪ್ರಶ್ನೆ ಪಾದ್ರಿಗಳ ನಡುವೆ ಹುಟ್ಟಿ, ಹೊಲದ ಬದುವಿಗೆ ಇಳಿದು, ಊಟದ ಮೇಜಿಗೆ ಬಂತು. ಊರು ಎರಡಾಯಿತು. ರಸ್ತೆಯ ಆಚೆ ಬದಿಗೆ ಹೊಸ ಚರ್ಚು ಎದ್ದಿತು. ಯೊರುನ್ ಹಳೆಯದರಲ್ಲೇ ಉಳಿದರು, ಕ್ನೂತರ ಸಮಾಧಿ ಅದರ ಅಂಗಳದಲ್ಲಿದೆ. ಎಂಡ್ರೆ ಹೊಸದಕ್ಕೆ ಹೋದರು. ಹೋದವರು ಹೆಂಡತಿಗೆ ಒಂದು ಮಾತು ಹೇಳಿದರು: ಆ ಕಡೆಯವರ ಜೊತೆ ಇನ್ನು ಒಂದು ಒಲೆಯ ಮುಂದೆ ನಿಲ್ಲಬೇಡ.

ಅಲ್ಲಿಂದ ಊರಿನ ರೊಟ್ಟಿ ಕೆಟ್ಟಿತು. ಯೊರುನ್ ಲಟ್ಟಿಸುವವರು, ಮಾರ್ಗಿತ್ ಬೇಯಿಸುವವರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಒಗ್ಗದು. ಯೊರುನರ ರೊಟ್ಟಿ ಗಾಜಿನಷ್ಟು ತೆಳ್ಳಗೆ, ಆದರೆ ಮಗುಚುವವರಿಲ್ಲದೆ ಕರಕಲು. ಮಾರ್ಗಿತರ ರೊಟ್ಟಿ ಹದವಾಗಿ ಬೆಂದಿರುತ್ತದೆ, ಆದರೆ ಸೂರಿನ ಹಲಗೆಯಷ್ಟು ದಪ್ಪ. ಹಳೆ ಚರ್ಚಿನವರು ಸೀದದ್ದು ತಿನ್ನುತ್ತಾರೆ, ಹೊಸ ಚರ್ಚಿನವರು ದಪ್ಪದ್ದು ತಿನ್ನುತ್ತಾರೆ. ಎರಡೂ ಕಡೆಯವರು ತಮ್ಮದೇ ಸರಿ ಎನ್ನುತ್ತಾರೆ.

ಯೊರುನ್ ಮಾತ್ರ ಕರೆದರೆ ಎರಡೂ ಕಡೆಗೆ ಹೋಗುತ್ತಾರೆ. ನಿಮಗೆ ಯಾವುದು ಸರಿ ಅನಿಸುತ್ತದೆ ಎಂದು ಕೇಳಿದರೆ ಮೂಗು ಕೆಂಪಗಾಗುತ್ತದೆ. "ನನಗೂ ಅಭಿಪ್ರಾಯ ಇದೆ. ಗಟ್ಟಿಯಾಗೇ ಇದೆ. ಹಲಗೆ ಮುಂದೆ ಬಾಯಿ ಬಿಡಲ್ಲ ಅಷ್ಟೆ. ಸಿಟ್ಟು ಕೈಗಿಳಿದರೆ ರೊಟ್ಟಿ ಹರಿಯುತ್ತೆ."

ಈಗ ಕೈಯೇ ಸೋತಿದೆ. ಹಲಗೆಗೂ ಹೆಂಚಿಗೂ ನಡುವೆ ಓಡಿ ಓಡಿ ಬಲಭುಜ ಮೇಲಕ್ಕೆ ಏಳುವುದಿಲ್ಲ. ಹೋದ ಭಾನುವಾರ ಎರಡು ಚರ್ಚೂ ಒಟ್ಟಿಗೇ ಬಿಟ್ಟಾಗ, ಯೊರುನ್ ರಸ್ತೆ ದಾಟಿ ನೇರವಾಗಿ ಎಂಡ್ರೆಯವರ ಗಾಡಿಯ ಬಳಿ ಹೋದರು. ಎರಡೂ ಕಡೆಯ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. "ಮಾರ್ಗಿತ್, ಶನಿವಾರ ಹಲ್ವೋರನ ಮನೆ ಮುಗಿಸಿ ಹೆಂಚು ಗೋಡೆಗೆ ತೂಗುಹಾಕ್ತೀನಿ. ಒಬ್ಬಳಿಂದ ಆಗಲ್ಲ. ನೀನು ಬಂದರೆ ಬೇರೆ ಮಾತು," ಎಂದರು. ಎಂಡ್ರೆ ಕುದುರೆ ಹೊಡೆದರು.

ಇವತ್ತು ಶನಿವಾರ. ಬೆಳಗಿನಿಂದ ಯೊರುನ್ ಕಿಟಕಿಯ ಕಡೆಗೆ ಪದೇಪದೇ ತಿರುಗುತ್ತಿದ್ದಾರೆ.

"ಯಾರ ದಾರಿ ನೋಡ್ತಿದೀರಾ ದೊಡ್ಡಮ್ಮ?" ತೋನೆ ಗೊತ್ತಿದ್ದೂ ಕೇಳುತ್ತಾಳೆ.

"ಯಾರದ್ದೂ ಇಲ್ಲ. ಮೋಡ ಇದೆಯಾ ಅಂತ ನೋಡ್ದೆ."

ಬಾನು ತೊಳೆದಿಟ್ಟ ಹಾಗಿದೆ. ತೋನೆ ತುಟಿ ಕಚ್ಚಿಕೊಂಡು ಆಲೂಗಡ್ಡೆ ಸುಲಿಯುತ್ತಾಳೆ.

ಕಾಫಿಯ ಹೊತ್ತು ಮುಗಿದಿದೆ. ಇನ್ನು ಸ್ವಲ್ಪವೇ ಹಿಟ್ಟು ಉಳಿದಿದೆ. ಅಂಗಳದಲ್ಲಿ ಗಾಡಿ ನಿಂತ ಸದ್ದು. ಬಾಗಿಲ ಬೆಳಕಿಗೆ ಅಡ್ಡವಾಗಿ ಬಂದು ನಿಂತವರು ಎಂಡ್ರೆ. ಹೊಸ್ತಿಲು ದಾಟುವುದಿಲ್ಲ. ಟೋಪಿ ಕೈಯಲ್ಲಿದೆ.

"ಹಲ್ವೋರ್ ಇದಾನಾ?"

"ಹೊಲದಲ್ಲಿದಾನೆ," ಎನ್ನುತ್ತಾರೆ ಯೊರುನ್, ತಲೆ ಎತ್ತದೆ.

"ಮಸೆಯೋ ಕಲ್ಲು ಬೇಕಿತ್ತು."

"ಊರಿಗೆಲ್ಲ ದೊಡ್ಡ ಕಲ್ಲು ನಿನ್ನ ಹತ್ತಿರಾನೇ ಇದೆಯಲ್ಲ ಎಂಡ್ರೆ."

ಎಂಡ್ರೆ ಟೋಪಿಯನ್ನು ಒಂದು ಸುತ್ತು ತಿರುಗಿಸುತ್ತಾರೆ. "ಮಾರ್ಗಿತ್ ಗಾಡಿಯಲ್ಲಿದಾಳೆ."

ಲಟ್ಟಣಿಗೆ ನಿಲ್ಲುತ್ತದೆ. "ಗಾಡಿಯಲ್ಲಿ ಏನು ಕೆಲಸ? ಅಲ್ಲಿ ಹೆಂಚಿಲ್ಲ."

"ಭಾನುವಾರದಿಂದ ಅವಳು ಒಲೆ ಹತ್ತಿಸಿಲ್ಲ," ಎಂಡ್ರೆ ತೋನೆಯ ಮುಂದೆ ನಾಚಿಕೆ ಬಿಟ್ಟು ಹೇಳುತ್ತಾರೆ. "ಯೊರುನ್ ಹೆಂಚು ತೂಗುಹಾಕಿದರೆ ನನ್ನ ಕೋಲೂ ಒಲೆಗೆ ಅಂದಳು. ಪೇಟೆಯ ಬಿಳಿ ಬ್ರೆಡ್ಡು ತಂದು ಮುಂದಿಟ್ಟಳು. ಅಗಿಯೋಕೆ ಹೋದರೆ ಹಲ್ಲಿಗೆ ಏನೂ ಸಿಗಲ್ಲ, ಉಣ್ಣೆ ತಿಂದ ಹಾಗೆ." ಅಲ್ಲಿಗೆ ತಮಾಷೆ ಮುಗಿಯುತ್ತದೆ. ಅವರ ದನಿ ತಗ್ಗುತ್ತದೆ. "ನಿನ್ನೆ ರಾತ್ರಿ ನನಗೆ ಮಿಡತೆ ವರ್ಷ ನೆನಪಾಯ್ತು. ನನ್ನ ಮಕ್ಕಳು ಬದುಕಿದ್ದು ನಿಮ್ಮ ಗಾಡಿಯಿಂದ. ಅವತ್ತು ನೀನು ನಮ್ಮ ಬಾಗಿಲಲ್ಲಿ ನಿಂತು, ನೀವು ಏನು ನಂಬ್ತೀರಿ ಅಂತ ಕೇಳಲಿಲ್ಲ. ಪಾದ್ರಿಗಳು ಹೇಳಿದ್ದನ್ನ ನಾನು ಈಗಲೂ ನಂಬ್ತೀನಿ ಯೊರುನ್. ಆದರೆ ನಿನ್ನ ಋಣ ಮರೆತವನಾಗಿ ಇದ್ದೆನಲ್ಲ, ಅದು ತಪ್ಪು."

ಯೊರುನ್ ಬಾಗಿಲಿಗೆ ಹೋಗಿ ಎಂಡ್ರೆಯವರ ತೋಳು ಹಿಡಿದು ಒಳಗೆ ಎಳೆದು, ಅಡ್ಡವಿದ್ದವರನ್ನು ಸರಿಸಿದಂತೆ ಸರಿಸುತ್ತಾರೆ. ಅವರ ಹಿಂದೆಯೇ ಮಾರ್ಗಿತ್ ನಿಂತಿದ್ದಾರೆ, ಆಗಲೇ ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು.

ಮಾರ್ಗಿತ್ ಮೂಲೆಯಲ್ಲಿದ್ದ ಸೀದ ರೊಟ್ಟಿಯ ರಾಶಿ ನೋಡುತ್ತಾರೆ. "ಇದೇನೇ, ಇದ್ದಿಲು ವ್ಯಾಪಾರ ಶುರು ಮಾಡಿದೀಯಾ?"

"ನಿನ್ನ ರೊಟ್ಟಿಯಲ್ಲಿ ಯಾರೋ ಕೊಟ್ಟಿಗೆ ಸೂರು ಹೊದಿಸಿದರಂತೆ. ಸೋರ್ತಾ ಇಲ್ಲವಂತೆ."

ಎರಡು ವರ್ಷದ ಮೌನಕ್ಕೆ ಇಬ್ಬರೂ ಖರ್ಚು ಮಾಡಿದ ಮಾತು ಇಷ್ಟೆ. ಮಾರ್ಗಿತ್ ಕೋಲು ಎತ್ತಿಕೊಳ್ಳುತ್ತಾರೆ. ಯೊರುನ್ ಲಟ್ಟಿಸುತ್ತಾರೆ. ಹಲಗೆಯಿಂದ ಎದ್ದ ರೊಟ್ಟಿ ಹೆಂಚಿನ ಮೇಲೆ ಹರಡುತ್ತದೆ, ಗುಳ್ಳೆ ಏಳುತ್ತದೆ, ಕೋಲು ಕೆಳಗೆ ಜಾರಿ ಅದನ್ನು ಸರಕ್ಕನೆ ಮಗುಚುತ್ತದೆ. ಅಂಚು ಎಲ್ಲೂ ಕಪ್ಪಾಗುವುದಿಲ್ಲ. ಯಾರೂ ಓಡುವುದಿಲ್ಲ. ಯೊರುನ್ ಅಳುತ್ತಿದ್ದಾರೆ, ಅದನ್ನು ಮುಚ್ಚಿಡುತ್ತಲೂ ಇಲ್ಲ, ಕೈಯನ್ನು ನಿಲ್ಲಿಸುತ್ತಲೂ ಇಲ್ಲ. ತೋನೆ ಬೆಣ್ಣೆ ಸವರಿದ ಮೊದಲ ಬಿಸಿರೊಟ್ಟಿಯನ್ನು ಮಡಚಿ ಎಂಡ್ರೆಯವರ ಕೈಗಿಡುತ್ತಾಳೆ. ಅವರು ಗೋಡೆಗೆ ಒರಗಿ, ಕಣ್ಣು ಮುಚ್ಚಿ ಅಗಿಯುತ್ತಾರೆ.

ಬೆಳಗಿನಿಂದ ಒಂದು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಪತ್ರಿಕೆಯವರ ಕಡೆಗೆ ಯೊರುನ್ ಈಗ ತಿರುಗುತ್ತಾರೆ. ಏನಾದರೂ ಆಸೆ ಉಂಟೇ ಎಂದು ಬೆಳಿಗ್ಗೆ ಅವರು ಕೇಳಿದ್ದ ಪ್ರಶ್ನೆಗೆ ಉತ್ತರ ಈಗ ಬರುತ್ತದೆ.

"ಇದೆ. ನನ್ನೊಬ್ಬಳ ಹೆಸರು ಹಾಕಬೇಡಿ. ಇದು ಒಬ್ಬಳ ಕೆಲಸ ಅಲ್ಲ, ನೀವೇ ಎರಡೂ ನೋಡಿದಿರಿ. ಅವಳ ಹೆಸರೂ ಪಕ್ಕದಲ್ಲಿ ಇರಲಿ."

ಒಂದು ಒಲೆಯ ಮುಂದೆ ನಿಲ್ಲುವುದು ಬೇರೆ, ಎರಡೂ ಚರ್ಚಿನವರು ಓದುವ ಪತ್ರಿಕೆಯಲ್ಲಿ ಅಕ್ಕಪಕ್ಕ ಅಚ್ಚಾಗುವುದು ಬೇರೆ. ಮಾರ್ಗಿತ್ ಕೋಲು ಹಿಡಿದು ಗಂಡನ ಮುಖ ನೋಡುತ್ತಾರೆ.

ಎಂಡ್ರೆ ಬಾಯಲ್ಲಿದ್ದದ್ದನ್ನು ಅಗಿದು ನುಂಗುತ್ತಾರೆ. "ನಮ್ಮ ಪಾದ್ರಿಗಳೂ ಆ ಪತ್ರಿಕೆ ತರಿಸ್ತಾರೆ," ಎನ್ನುತ್ತಾರೆ. ಇನ್ನೊಂದು ತುತ್ತು ಕಚ್ಚುವ ಮೊದಲು, "ಓದಲಿ. ಬರೀರಿ."

"ಹಾಗಾದರೆ ಸರಿಯಾಗಿ ಬರ್ಕೊಳ್ಳಿ," ಎನ್ನುತ್ತಾರೆ ಯೊರುನ್, ಹೊಸ ಉಂಡೆಗೆ ಹಿಟ್ಟು ಉದುರಿಸುತ್ತ. "ಲಟ್ಟಿಸೋಳು ಯೊರುನ್, ಬೇಯಿಸೋಳು ಮಾರ್ಗಿತ್. ಯಾವ ಕಡೆಯವರೇ ಕರೀಲಿ, ಇಬ್ಬರೂ ಬರ್ತೀವಿ."