ನೋಡಲು ಬಂದವರಿಗಾಗಿ ನರಳಿದ್ದು

ನನ್ನ ಮೊಣಕಾಲಿನ ಕೀಲು ಬದಲಿಸಿದ ಡಾಕ್ಟರು ನಡೆಯಲು ಹೇಳಿ ಮನೆಗೆ ಕಳಿಸಿದ್ದರು. ನವನಗರದ ನಮ್ಮ ಬಂಧುಬಳಗ ಮಲಗಿಸಿತು. ರೋಗಿಯಾದವನು ರೋಗಿಯಂತೆ ಕಾಣಬೇಕು. ಎರಡು ಸೆಕ್ಟರ್ ದಾಟಿ ಬಾಳೆಹಣ್ಣು ಹಿಡಿದು ಬಂದವರೆದುರು ಅವನು ಅಡ್ಡಾಡುತ್ತಿದ್ದರೆ ಅವರಿಗೆ ಅವಮಾನ. ಆದ್ದರಿಂದ ಗೇಟಿನ ಸದ್ದಾದೊಡನೆ ಹೆಂಡತಿ ವಾಕರನ್ನು ಬಾಗಿಲ ಹಿಂದೆ ಸರಿಸಿ, "ಮಲಗ್ರಿ, ಮಂದಿ ಬಂದ್ರು" ಎನ್ನುತ್ತಿದ್ದಳು. ನಾನು ಗಂಟಲವರೆಗೆ ಹೊದ್ದು, ಬಂದವರ ವಯಸ್ಸಿಗೂ ಸಂಬಂಧಕ್ಕೂ ತಕ್ಕಷ್ಟು ನರಳುತ್ತಿದ್ದೆ. ಬೀಗರಿಗೆ ತುಸು ಹೆಚ್ಚು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಜಿಯೋಥೆರಪಿಯ ಹೆಣ್ಣುಮಗಳಿಗೆ ಇದು ಹಿಡಿಸಲಿಲ್ಲ.

"ಕಾಕಾರ, ಹಿಂಗ ಮಲಗಿದ್ರ ಕಾಲು ಬಿಗೀತದ."

"ಬಿಗೀಲಿ ಬಿಡವಾ. ಮನಿ ಮರ್ಯಾದಿ ಸಡ್ಲಾಗಬಾರ್ದು."

ಹೀಗಿರಲು ಕಮತಗಿಯಿಂದ ಅಕ್ಕ ಮಗನ ಜೊತೆ ಬಂದಳು. ಅವಳ ಮೊಣಕಾಲು ನನ್ನದಕ್ಕಿಂತ ಮೊದಲೇ ಸವೆದು, ಶನಿವಾರ ತುಳಸಿಗೇರಿ ಹನುಮಪ್ಪನ ಗುಡಿಗೆ ಹೋಗುವುದು ನಿಂತುಹೋಗಿತ್ತು. ನಾನು, ಹಿರಿಯಳಲ್ಲವೇ ಎಂದು, ಬೀಗರಿಗೂ ಕೊಡದಷ್ಟು ಧಾರಾಳವಾಗಿ ನರಳಿದೆ.

ಅಕ್ಕ ಎಲ್ಲವನ್ನೂ ಕೇಳಿ ಎದ್ದು ನಿಂತಳು. "ಸಾಕಪ್ಪ. ನನ್ನ ಕಾಲು ಇದ್ದಂಗ ಇರ್ಲಿ. ಕುಂಟಕೋತ ಇದ್ದುಬಿಡ್ತೇನಿ."

ಅವಳ ಮಗ ತಲೆ ಮೇಲೆ ಕೈ ಇಟ್ಟುಕೊಂಡ. "ಏನ್ ಮಾಡಿದ್ರಿ ಮಾಮಾ. ಆಪರೇಷನ್ನಿಗೆ ಅವ್ವ ಒಪ್ಪೂದು ನಿಮ್ಮನ್ನ ನೋಡಿದ ಮ್ಯಾಲೆ ಅಂತ ಇತ್ತು."

ನಾನು ಹೊದಿಕೆ ಕಿತ್ತೊಗೆದು ವಾಕರ್ ತರಿಸಿಕೊಂಡೆ. ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಹೆಂಡತಿ ಹಲ್ಲು ಕಚ್ಚಿ, "ಮಲಗ್ರಿ, ಇಳಕಲ್ಲಿನ ಬೀಗರು" ಎಂದಳು. ನಾನು ಮಲಗಲಿಲ್ಲ. ಬಾಳೆಹಣ್ಣು ಹಿಡಿದು ಹೊಸ್ತಿಲಲ್ಲಿ ನಿಂತ ಬೀಗರ ಕಣ್ಣೆದುರೇ ಅಡುಗೆಮನೆಯವರೆಗೆ ಹೋಗಿ ಬಂದೆ. ಕುರ್ಚಿಯಲ್ಲಿ ಕುಳಿತು ಕಾಲು ಮಡಚಿದೆ, ಚಾಚಿದೆ, ಮತ್ತೆ ಮಡಚಿದೆ. ಬಿಗಿದಿದ್ದ ಕಾಲು ಸ್ವಲ್ಪ ನೋಯಿತು. ಈಗ ಖರೆ ನರಳಬೇಕಾಗಿತ್ತು, ನುಂಗಿಕೊಂಡೆ.

ಅಕ್ಕ ನನ್ನ ಕಾಲನ್ನು ಬಗ್ಗಿ ನೋಡಿದಳು. "ಇಷ್ಟ ಛಲೋ ನಡಿಯಾಂವ, ಮತ್ತ ನರಳಿದ್ದ್ಯಾಕಲೇ?"

"ಕಮತಗಿಯಿಂದ ಬಂದೀ ಅಲ್ಲ, ಅದಕ್ಕ."

"ಅದೇನ್ ನರಳೂದು, ಎಮ್ಮಿ ಕೆಮ್ಮಿದಂಗ. ನಾ ಮಾಡಿಸ್ಕೊಂಡಾಗ ಬಾ, ನರಳೂದು ಹೆಂಗಂತ ತೋರಿಸ್ತೇನಿ."

ಮಗ ಆಗಲೇ ಡಾಕ್ಟರಿಗೆ ಫೋನು ಹಚ್ಚಿದ್ದ. ಹಣ್ಣನ್ನು ಕೊಡುವುದೋ ಬಿಡುವುದೋ ತಿಳಿಯದೆ ಬೀಗರು ಇನ್ನೂ ಹೊಸ್ತಿಲಲ್ಲೇ ನಿಂತಿದ್ದರು. ಅಕ್ಕ ಕೈ ಚಾಚಿದಳು.

"ಇತ್ತಾಗ ಕೊಡ್ರಿ ಬೀಗರ. ಇನ್ನ ಪೇಶಂಟ್ ನಾ."